ಇಲ್ಲ ಎನ್ನಲು ಕಲಿಸಿದ ಡಾಕ್ಟರ್ ಬಾಯಿ

ಮೊಮ್ಮಗಳು ಶಾಲೆಯಲ್ಲಿ ಕಸೂತಿ ಕಲಿಯುತ್ತಿದ್ದಾಳೆ. ಬಟ್ಟೆಯ ಮೇಲೆ ನವಿಲಿನ ಚಿತ್ರ ಇಳಿಸಲು ಕಾರ್ಬನ್ ಪೇಪರ್ ಬೇಕೆಂದಳು. ಈ ಕಾಲದಲ್ಲಿ ಅದು ಎಲ್ಲಿ ಸಿಗಬೇಕು? ಯಾದಗಿರಿಯ ನಾಲ್ಕು ಅಂಗಡಿ ತಿರುಗಿದೆ. ಐದನೆಯ ಅಂಗಡಿಯವನು, ನನ್ನಷ್ಟೇ ವಯಸ್ಸಾದವನು, ಮೇಲಿನ ಹಲಗೆಯಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದ. ಮೇಣ, ಮಸಿ, ಸ್ವಲ್ಪ ಸೀಮೆಎಣ್ಣೆ ಬೆರೆತಂಥ ಆ ವಾಸನೆ... ಎಷ್ಟು ಹಾಳೆ ಬೇಕೆಂದು ಆತ ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲೇ ಇಲ್ಲ. ಅಷ್ಟರಲ್ಲಿ ನಾನು ಸ್ಟೇಶನ್ ರೋಡಿನ ಹಳೆಯ ಆಫೀಸಿನಲ್ಲಿ ಕುಳಿತು, ಮೂರು ಕಾರ್ಬನ್ ಇಟ್ಟು ನಾಲ್ಕು ಪ್ರತಿ ಟೈಪು ಮಾಡುತ್ತಿದ್ದೆ. ಎದುರಿಗೆ ಡಾಕ್ಟರ್ ಬಾಯಿ ಸಿಟ್ಟಿನಲ್ಲಿ ನಿಂತಿದ್ದರು.

ನಮ್ಮ ಕಡೆ ಹೆಣ್ಣು ಡಾಕ್ಟರಿಗೆ ಡಾಕ್ಟರ್ ಬಾಯಿ ಎನ್ನುವುದು ರೂಢಿ. ಅವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಕರೆಯುವುದಿಲ್ಲ. ಅವರು ಹೆರಿಗೆ ಮಾಡಿಸುವ ಡಾಕ್ಟರಲ್ಲ, ಜ್ವರಕ್ಕೆ ಗುಳಿಗೆ ಕೊಡುವವರೂ ಅಲ್ಲ. ಮನಸ್ಸಿನ ಡಾಕ್ಟರು. ಗುರುವಾರಕ್ಕೊಮ್ಮೆ ಬೆಳಗಿನ ಗಾಡಿಗೆ ಗುಲ್ಬರ್ಗಾದಿಂದ ಬಂದು ಸಂಜೆ ಗಾಡಿಗೆ ಹಿಂತಿರುಗುತ್ತಿದ್ದರು. ದಪ್ಪ ಕನ್ನಡಕ, ಗಂಜಿ ಹಾಕಿದ ನೂಲಿನ ಸೀರೆ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ. ಬಂದ ತಕ್ಷಣ ನಮ್ಮ ಆಫೀಸಿನ ಚಹಾ ಕುಡಿದು ಮುಖ ಕಿವುಚುತ್ತಿದ್ದರು. "ಈ ಚಾ ಕುಡದ್ರ ಆರಾಮ್ ಇದ್ದೋರೂ ನನ್ನ ಪೇಶಂಟ್ ಆಗ್ತಾರ ನೋಡ್ರಿ" ಎನ್ನುತ್ತಿದ್ದರು. ಆದರೂ ಕಪ್ಪು ಖಾಲಿ ಮಾಡುತ್ತಿದ್ದರು.

ಪೊಲೀಸರ ಕೈಗೆ ಸಿಕ್ಕ ಚಿಕ್ಕ ವಯಸ್ಸಿನವರನ್ನು ಕೋರ್ಟಿನ ವಿಚಾರಣೆ ಮುಗಿಯುವ ತನಕ ಇರಿಸಿಕೊಳ್ಳುವ ಸರ್ಕಾರಿ ಮನೆ ನಮ್ಮದು. ಮುಂದೆ ಎರಡು ಕೋಣೆ ಆಫೀಸು, ಹಿಂದೆ ಅಂಗಳ. ಅಂಗಳದ ಒಂದು ಕಡೆ ಹುಡುಗರು, ಇನ್ನೊಂದು ಕಡೆ ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಹುಡುಗಿಯರು. ನಾನು ಅಲ್ಲಿಯ ಗುಮಾಸ್ತ. ಸುರಪುರದ ಹತ್ತಿರ ದೇವಾಪುರದವನು. ಹೊಸದಾಗಿ ಸರ್ಕಾರಿ ನೌಕರಿ ಹತ್ತಿದವನ ಗತ್ತು ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಕಾಲುವೆಗೆ ನೀರು ಬಂದು ಆಗ ನಾಲ್ಕೈದು ವರ್ಷವಾಗಿತ್ತು. ಶಹಾಪುರ, ಸುರಪುರದ ಕಡೆ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಯಾಗುತ್ತಿದ್ದವು. ನಮ್ಮಲ್ಲಿಗೆ ಬರುವ ಕೇಸುಗಳೂ ಬದಲಾಗಿದ್ದವು. ಮೊದಲೆಲ್ಲ ಹತ್ತಿ ಕದ್ದವರು, ಊರು ಬಿಟ್ಟು ಓಡಿಹೋಗಿ ರೈಲಿನಲ್ಲಿ ಸಿಕ್ಕವರು ಬರುತ್ತಿದ್ದರು. ಈಗ ಕಾಲುವೆ ಗೇಟಿನ ಬೀಗ ಮುರಿದವರು, ಪಾಳಿ ಇಲ್ಲದ ದಿನ ತಮ್ಮ ಹೊಲಕ್ಕೆ ನೀರು ತಿರುವಿಕೊಂಡವರು, ನೀರಿನ ಜಗಳದಲ್ಲಿ ಅಪ್ಪನ ಪಕ್ಕದಲ್ಲಿ ಸಲಿಕೆ ಹಿಡಿದು ನಿಂತವರು... ಎಲ್ಲರೂ ಹದಿಮೂರು ಹದಿನಾಲ್ಕರ ಆಸುಪಾಸಿನವರು.

ಇಂಥ ಮಕ್ಕಳ ಮನಃಸ್ಥಿತಿ ಬರೆದು ಕೋರ್ಟಿಗೆ ಕೊಡಬೇಕೆಂದು ಮೇಲಿನ ಆಫೀಸಿನಿಂದ ಒಂದು ನಮೂನೆ ಬರುತ್ತಿತ್ತು. ಇಪ್ಪತ್ತೆರಡು ಪ್ರಶ್ನೆ. ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಮನೆ. 'ನಿನಗೆ ನಿದ್ರಾಭಂಗವಾಗುತ್ತದೆಯೇ?' 'ಅಗೋಚರ ಧ್ವನಿಗಳು ಕೇಳಿಬರುತ್ತವೆಯೇ?' 'ಜೀವನದಲ್ಲಿ ಜಿಗುಪ್ಸೆ ಉಂಟಾಗಿದೆಯೇ?' ಡಾಕ್ಟರ್ ಬಾಯಿಯ ವೇಳೆ ಉಳಿಯಲಿ ಎಂದು ಬುಧವಾರವೇ ನಾನು ಮಕ್ಕಳನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡು, ಪ್ರಶ್ನೆ ಓದಿ, ಉತ್ತರದ ಮನೆಯಲ್ಲಿ ಗುರುತು ಹಾಕಿಡುತ್ತಿದ್ದೆ. ಜಿಗುಪ್ಸೆ ಎಂದರೆ ಏನೆಂದು ಆ ಮಕ್ಕಳಿಗೆ ಗೊತ್ತಿತ್ತೋ ಇಲ್ಲವೋ, ನನ್ನ ನಾಲಿಗೆಗಂತೂ ಅದು ಸರಿಯಾಗಿ ಹೊರಳುತ್ತಿರಲಿಲ್ಲ. ಆದರೂ ಗಂಟಲು ದಪ್ಪ ಮಾಡಿಕೊಂಡು ಓದುತ್ತಿದ್ದೆ.

ಒಂದು ಮಂಗಳವಾರ ಶಹಾಪುರದ ಕಡೆಯಿಂದ ಒಬ್ಬ ಹುಡುಗಿಯನ್ನು ತಂದು ಬಿಟ್ಟರು. ಹದಿನೈದು ವರ್ಷ. ಅವಳ ಹೆಸರನ್ನೂ ಬರೆಯುವ ಹಾಗಿಲ್ಲ. ಊರು ವಡಗೇರಾದ ಹತ್ತಿರ. ತಂದೆ ತಾಯಿ ಕೂಲಿ ಮಾಡುವವರು. ಅಕ್ಕನನ್ನು ಕಾಲುವೆ ದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಅಕ್ಕನ ಎರಡು ವರ್ಷದ ಕೂಸನ್ನು ನೋಡಿಕೊಳ್ಳಲು ಈಕೆ ಅಲ್ಲಿಗೆ ಹೋಗಿದ್ದಳು. ಒಂದು ಮುಂಜಾನೆ ಕೂಸನ್ನು ಕರೆದುಕೊಂಡು ಕಾಲುವೆಗೆ ಬಟ್ಟೆ ಒಗೆಯಲು ಹೋದಾಗ ಕೂಸು ನೀರಿಗೆ ಬಿತ್ತು. ಸಿಕ್ಕಿದ್ದು ಎರಡು ಮೈಲಿ ಕೆಳಗೆ, ಗೇಟಿನ ಹತ್ತಿರ.

ಹಿಂದಿನ ದಿನ ಊರಿಗೆ ಕಳಿಸಲಿಲ್ಲವೆಂದು ಹುಡುಗಿ ಅತ್ತಿದ್ದಳಂತೆ. ಆ ಸಿಟ್ಟಿಗೆ ಈಕೆಯೇ ನೂಕಿದಳು ಎಂದು ಅಕ್ಕನ ಅತ್ತೆ ಫಿರ್ಯಾದಿ ಕೊಟ್ಟಿದ್ದಳು. ಪೊಲೀಸರು ಕೇಳಿದಾಗ ಹುಡುಗಿ ಹೌದು ಎಂದಿದ್ದಳು. 'ನಾನೇ ನೂಕಿದೆನು' ಎಂಬ ಬರಹದ ಕೆಳಗೆ ಅವಳ ಹೆಬ್ಬೆಟ್ಟು ಇತ್ತು.

ಬುಧವಾರ ನಾನು ನಮೂನೆ ಹಿಡಿದು ಕುಳಿತೆ. ಹುಡುಗಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದಳು. ನಿದ್ರಾಭಂಗವಾಗುತ್ತದೆಯೇ? "ಹೌದ್ರಿ." ಧ್ವನಿಗಳು ಕೇಳಿಬರುತ್ತವೆಯೇ? "ಹೌದ್ರಿ." ಇತರರಿಗೆ ಹಾನಿ ಮಾಡಬೇಕೆನ್ನಿಸುತ್ತದೆಯೇ? "ಹೌದ್ರಿ." ಇಪ್ಪತ್ತೆರಡಕ್ಕೂ ಹೌದ್ರಿ. ಸುಪರಿಂಟೆಂಡೆಂಟ್ ಸಾಹೇಬರು ನಮೂನೆ ನೋಡಿ, "ಇದು ಧಾರವಾಡಕ್ಕ ಕಳಸೂ ಕೇಸ್ ಬಿಡು" ಎಂದರು. ಧಾರವಾಡ ಎಂದರೆ ನಮ್ಮ ಕಡೆ ಹುಚ್ಚಾಸ್ಪತ್ರೆ ಎಂದೇ ಅರ್ಥ. ಒಮ್ಮೆ ಅಲ್ಲಿಗೆ ಹೋಗಿ ಬಂದ ಹುಡುಗಿಗೆ ಊರಿನಲ್ಲಿ ಏನು ಹೆಸರು ಬೀಳುತ್ತದೆಂಬುದು ನನಗೂ ಗೊತ್ತಿತ್ತು. ಆದರೆ ಅವಳೇ ಹೌದು ಎನ್ನುತ್ತಿರುವಾಗ ನಾನು ಮಾಡುವುದೇನು ಎಂದುಕೊಂಡೆ.

ಗುರುವಾರ ಡಾಕ್ಟರ್ ಬಾಯಿ ಆ ನಮೂನೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಹುಡುಗಿಯನ್ನು ಕರೆಸಿದರು.

"ತಂಗಿ, ನಾ ಬಂದ ರೈಲಗಾಡಿ ಇವತ್ತ ನೀನೇ ನಡಸಿದಿ ಅಂತಲ್ಲ, ಹೌದೇನು?"

"ಹೌದ್ರಿ."

"ನಿನಗ ಹನ್ನೆರಡ ಮಂದಿ ಗಂಡಮಕ್ಕಳು?"

"ಹೌದ್ರಿ."

ನಾನು ಗೊಳ್ಳನೆ ನಕ್ಕೆ. ಡಾಕ್ಟರ್ ಬಾಯಿ ನಗಲಿಲ್ಲ. ಹುಡುಗಿಯನ್ನು ಒಳಗೆ ಕಳಿಸಿ ನನ್ನ ಕಡೆ ತಿರುಗಿದರು. "ನೀವ್ ಸಣ್ಣವರಿದ್ದಾಗ ದೊಡ್ಡೋರ ಮಾತಿಗಿ ಇಲ್ಲ ಅಂದ್ರ ಏನ್ ಮಾಡ್ತಿದ್ರು ನಿಮ್ಮನಿಯಾಗ?"

"ಕಪಾಳಕ್ಕ ಕೊಡ್ತಿದ್ರಿ," ಎಂದೆ.

"ಮತ್ತ? ಈಕಿ ಮುಂದ ನೀವ್ ಸಾಹೇಬ್ರು, ಪೊಲೀಸ್ರು ಸಾಹೇಬ್ರು, ನಾನೂ ಸಾಹೇಬ್ರ. ಇಲ್ಲ ಅಂತ ಹೆಂಗ ಅಂದಾಳು?"

ನನಗೆ ನಾಚಿಕೆಯಾಯಿತು. ಅದು ನನಗೆ ಗೊತ್ತಿರದ ವಿಷಯವೇನಲ್ಲ. ದೇವಾಪುರದಲ್ಲಿ ನನ್ನ ಅಪ್ಪ ಕಂದಾಯದ ಸಾಹೇಬರ ಮುಂದೆ ಎರಡೂ ಕೈ ಕಟ್ಟಿಕೊಂಡು, ಅವರು ಏನೆಂದರೂ ಹೌದ್ರಿ ಹೌದ್ರಿ ಎನ್ನುತ್ತಿದ್ದುದನ್ನು ನೋಡಿಯೇ ಬೆಳೆದವನು. ಮಳೆಯಾಗಿದೆಯಲ್ಲ ಎಂದರೆ ಹೌದ್ರಿ, ಈ ಸಲ ಮಳೆಯೇ ಇಲ್ಲವಲ್ಲ ಎಂದರೂ ಹೌದ್ರಿ. ನಿಜಾಮನ ಕಾಲದಿಂದ ಬಂದ ಬಾಗುವಿಕೆ ಅದು. ಮೇಜಿನ ಈಚೆ ಬಂದು ಕುಳಿತ ಎರಡೇ ವರ್ಷಕ್ಕೆ ನಾನು ಅದನ್ನು ಮರೆತಿದ್ದೆ.

ಅವತ್ತು ಮಧ್ಯಾಹ್ನ ಡಾಕ್ಟರ್ ಬಾಯಿ ಹುಡುಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಅಡುಗೆಯವಳನ್ನು ಪಕ್ಕಕ್ಕೆ ಕೂರಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೋಳದ ಹಿಟ್ಟಿನ ಮುಂದೆ ಕುಳಿತರು. ನಾನು ಬಾಗಿಲಿನಲ್ಲಿ ನಿಂತಿದ್ದೆ.

"ರೊಟ್ಟಿ ಮಾಡೂದು ನನಗ ಭಾಳ ಛಲೋ ಬರ್ತದ," ಎಂದು ಶುರು ಮಾಡಿದರು. "ಮೊದಲ ಹಿಟ್ಟಿಗಿ ತಣ್ಣೀರ ಹಾಕಬೇಕು. ಹೌದಿಲ್ಲೋ ತಂಗಿ?"

"ಹೌದ್ರಿ."

ಸುರಿದೇಬಿಟ್ಟರು. ಅಡುಗೆಯವಳು, "ಯವ್ವಾ, ಹಿಟ್ಟ ಕೆಡಸಬ್ಯಾಡ್ರೀ ಬಾಯಾರ" ಎಂದು ಬಾಯಿಬಾಯಿ ಬಡಿದುಕೊಂಡಳು. ಅವರು ಕೇಳಬೇಕಲ್ಲ! ಹಿಟ್ಟು ಅಂಟಲಿಲ್ಲ. ಬಡಿಯಲು ಹೋದರೆ ಅಂಚು ಒಡೆಯಿತು. ಎತ್ತಲು ಹೋದರೆ ನಡುವೆ ಬಿರಿದು ಎರಡಾಯಿತು. ಅದನ್ನೇ ಹಂಚಿಗೆ ಹಾಕಿ, "ಈಗ ಎಣ್ಣಿ ಬಿಡಬೇಕು, ಹೌದಲ್ಲ?" ಎಂದರು. ಹುಡುಗಿಯ ಬಾಯಿಂದ ಹೌದ್ರಿ ಬಂತು, ಆದರೆ ಸಣ್ಣಗೆ. ಎರಡನೆಯ ರೊಟ್ಟಿ ಇನ್ನೂ ಕೆಟ್ಟಿತು. ಹುಡುಗಿಯ ಬೆರಳುಗಳು ಮಡಿಲಲ್ಲಿ ಮಿಸುಕಾಡುತ್ತಿದ್ದವು. ಡಾಕ್ಟರ್ ಬಾಯಿ ಮೂರನೆಯ ಸಲ ತಣ್ಣೀರಿನ ಚೆಂಬಿಗೆ ಕೈ ಹಾಕಿದರು.

"ಇಲ್ರಿ!"

ಹುಡುಗಿ ತಾನೇ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆಮೇಲೆ ಮೆಲ್ಲಗೆ, "ಎಸರ ಬೇಕ್ರಿ... ಕುದಿಯೂ ನೀರ. ಎಣ್ಣಿ ಬಿಡಂಗಿಲ್ರಿ" ಎಂದಳು. ಯಾರೂ ಹೊಡೆಯಲಿಲ್ಲ. ಡಾಕ್ಟರ್ ಬಾಯಿ ಎದ್ದು ಜಾಗ ಬಿಟ್ಟುಕೊಟ್ಟರು. ಹುಡುಗಿ ಎಸರು ಇಟ್ಟು, ಹಿಟ್ಟು ನಾದಿ, ಟಪಟಪ ಬಡಿದು ಹಾಕಿದ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಗಾಡಿಯ ವೇಳೆಯಾಗಿತ್ತು. ಬಿಸಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು, "ಮುಂದಿನ ಗುರುವಾರ ಎಲ್ಲಾ ಹೊಸದಾಗಿ ಕೇಳೂಣು" ಎಂದು ಹೇಳಿ ಸ್ಟೇಶನ್ನಿಗೆ ಹೊರಟರು.

ಇಲ್ಲಿ ನಾನು ಮಾಡಿದ ಜಾಣತನ ಹೇಳಬೇಕು. ಹೇಳಲು ಈಗಲೂ ಮನಸ್ಸಿಲ್ಲ. ಮುಂದಿನ ಗುರುವಾರ ಕಳೆದ ಮೇಲೆ ಸೋಮವಾರವೇ ಕೋರ್ಟು. ಹುಡುಗಿಯ ಹೌದು ಎಲ್ಲ ಸುಳ್ಳು ಎಂದು ಗೊತ್ತಾಯಿತಲ್ಲ, ಇನ್ನು ಕೇಳುವುದೇನಿದೆ ಎಂದುಕೊಂಡೆ. ಪಾಪ, ಬೇಗ ಮನೆಗೆ ಹೋಗಲಿ ಎಂದು ಹೊಸ ನಮೂನೆ ತೆಗೆದುಕೊಂಡು, ನಾಲ್ಕು ಪ್ರತಿ ಹೊಂದಿಸಿ, ಇಪ್ಪತ್ತೆರಡು ಪ್ರಶ್ನೆಗೂ ಇಲ್ಲ, ಇಲ್ಲ, ಇಲ್ಲ ಎಂದು ಹೊಡೆದೆ. ಸಹಿಯ ಜಾಗವೊಂದು ಖಾಲಿ ಬಿಟ್ಟೆ. ದೊಡ್ಡ ಪುಣ್ಯದ ಕೆಲಸ ಮಾಡಿದ ಹಾಗೆ ಅವತ್ತು ಎರಡು ಕಪ್ಪು ಚಹಾ ಕುಡಿದೆ.

ಡಾಕ್ಟರ್ ಬಾಯಿ ಬಂದ ತಕ್ಷಣ ಹಲ್ಲು ಕಿರಿಯುತ್ತ ಮುಂದಿಟ್ಟೆ. ಓದಿದರು. ಅವರ ಮುಖ ಬಿಗಿಯಿತು.

"ಆಕೀನ ಕೇಳಿದ್ರೇನು?"

"ಇಲ್ರಿ, ಆದ್ರ ನೀವೇ ಅವತ್ತ..."

"ಹೋದ ವಾರ ನಿಮಗ ಎಲ್ಲಾ ಹೌದು ಅನಿಸ್ತು. ಈ ವಾರ ಎಲ್ಲಾ ಇಲ್ಲ ಅನಿಸ್ತು. ಆಕೀನ ಕೇಳವ್ರು ಯಾರು?" ನಾಲ್ಕೂ ಪ್ರತಿಯನ್ನು ಕಾರ್ಬನ್ ಸಮೇತ ಹರಿದರು. ಅವರ ಬೆರಳುಗಳಿಗೆಲ್ಲ ನೀಲಿ ಹತ್ತಿತು. "ಇಪ್ಪತ್ತೆರಡರಾಗ ಒಂದಾರೆ ಖರೇ ಇದ್ರ? ಅದರ ಸಲುವಾಗಿ ನಾಳೆ ಆಕಿ ಜೀವಾ ಹೋದ್ರ? ಆ ಕಾಗದಕ್ಕ ನಾ ಸೈ ಮಾಡಿರ್ತೀನಿ, ನೀವ್ ಟೈಪ್ ಮಾಡಿರ್ತೀರಿ."

ಒಳ್ಳೆಯದು ಮಾಡಲು ಹೋದವನನ್ನು ಹೀಗೆ ಬೈಯಬಹುದೇ ಎಂದು ಒಳಗೇ ಕುದಿಯುತ್ತಿದ್ದೆ. ಅವರು ನನಗೆ ಒಂದು ಪ್ಯಾಡು ಕೊಟ್ಟು ಹಿಂದೆ ಬರಲು ಹೇಳಿದರು.

ಅಡುಗೆಮನೆಯ ಹೊಸ್ತಿಲ ಮೇಲೆ ಅವರು, ಒಳಗೆ ಹುಡುಗಿ, ಹೊರಗೆ ಅಂಗಳದಲ್ಲಿ ಅವಳಿಗೆ ಕಾಣದಂತೆ ನಾನು. ನಮೂನೆಯ ಒಂದು ಪದವನ್ನೂ ಅವರು ಬಳಸಲಿಲ್ಲ. ನಿದ್ದೆ ಹತ್ತುತ್ತದೇನು, ಉಣ್ಣಬೇಕು ಅನಿಸುತ್ತದೇನು, ಯಾರೂ ಇಲ್ಲದಾಗ ಯಾರಾದರೂ ಮಾತಾಡಿದಂತೆ ಕೇಳಿಸುತ್ತದೇನು... ಒಂದೊಂದನ್ನೂ ಎರಡು ಮೂರು ರೀತಿ ತಿರುವಿ ಕೇಳಿದರು. ನಡುನಡುವೆ ಒಂದು ಸುಳ್ಳು ಮಾತು ಎಸೆದು ನೋಡಿದರು. ಹುಡುಗಿ ಅದಕ್ಕೆ ಇಲ್ರಿ ಎಂದಳು. ಬಹಳಷ್ಟಕ್ಕೆ ಇಲ್ರಿ ಎಂದೇ ಬಂತು. ನಾನು ಬರೆದುಕೊಳ್ಳುತ್ತ, ನೋಡಿ ನಾನು ಟೈಪು ಮಾಡಿದ್ದೇ ಸರಿಯಿತ್ತು ಎಂದುಕೊಳ್ಳುತ್ತಿದ್ದೆ.

"ಕೂಸಿನ್ನ ನೀ ನೂಕಿದೇನು?"

"ಇಲ್ರಿ. ಚಾದರ ಹಿಂಡಾಕತ್ತಿದ್ದೆ. ತಿರುಗಿ ನೋಡಾದ್ರಾಗ... ಇದ್ದಿಲ್ರಿ."

ಡಾಕ್ಟರ್ ಬಾಯಿ ಅವಳ ಹತ್ತಿರಕ್ಕೆ ಸರಿದು ಕುಳಿತರು. ಆಮೇಲೆ, "ತಂಗಿ, ನೀನೂ ಅದ ನೀರಿಗಿ ಹೋಗಬೇಕು ಅನಿಸ್ತದೇನು?" ಎಂದರು.

ಒಲೆಯ ಮೇಲೆ ಬೇಳೆ ಕುದಿಯುವುದಷ್ಟೇ ಕೇಳುತ್ತಿತ್ತು. ನಾನು ತಡೆಯಲಾರದೆ ಬಗ್ಗಿ ನೋಡಿದೆ. ಹುಡುಗಿ ಮುಖ ಎತ್ತಿ ಅವರನ್ನು ನೇರವಾಗಿ ನೋಡುತ್ತಿದ್ದಳು. ಬಂದಾಗಿನಿಂದ ಅವಳು ಯಾರ ಮುಖವನ್ನೂ ನೋಡಿರಲಿಲ್ಲ.

"ಹೌದ್ರಿ," ಎಂದಳು. "ಮನಿಗಿ ಹೋದ ದಿನಾನೇ."

ನನ್ನ ಕೈಯಲ್ಲಿನ ಪೆನ್ನು ನಿಂತಿತು. ನಾನು ಟೈಪು ಮಾಡಿದ ಇಪ್ಪತ್ತೆರಡು ಇಲ್ಲಗಳಲ್ಲಿ ಆ ಜಿಗುಪ್ಸೆಯ ಪ್ರಶ್ನೆಯದೂ ಒಂದಾಗಿತ್ತು. ಆ ಕಾಗದ ಕೋರ್ಟಿಗೆ ಹೋಗಿದ್ದರೆ ಸೋಮವಾರ ಸಂಜೆ ಅವಳು ಮನೆಯಲ್ಲಿರುತ್ತಿದ್ದಳು.

ಸೋಮವಾರ ಡಾಕ್ಟರ್ ಬಾಯಿ ತಮ್ಮ ಬೇರೆ ಕೆಲಸ ಬಿಟ್ಟು ಕೋರ್ಟಿಗೆ ಬಂದರು. ಹೆಬ್ಬೆಟ್ಟಿನ ಕಾಗದ ಹೇಗೆ ಹುಟ್ಟಿತೆಂದು ಮ್ಯಾಜಿಸ್ಟ್ರೇಟರಿಗೆ ಬಿಡಿಸಿ ಹೇಳಿದರು. ಮ್ಯಾಜಿಸ್ಟ್ರೇಟರು ಹುಡುಗಿಯನ್ನೇ ಕೇಳಿದರು: "ನೀನು ಮಗುವನ್ನು ನೂಕಿದೆಯಾ?" ಹುಡುಗಿ ಮತ್ತೆ ಹೆಬ್ಬೆರಳು ನೋಡತೊಡಗಿದಳು. ಅಕ್ಕನ ಅತ್ತೆ ಹಿಂದೆಯೇ ಕುಳಿತಿದ್ದಳು. ಡಾಕ್ಟರ್ ಬಾಯಿ ಅವಳಿಗೆ ಸನ್ನೆ ಮಾಡಲಿಲ್ಲ; ಬೇಕೆಂದೇ ಕಿಟಕಿಯ ಆಚೆ ನೋಡುತ್ತ ನಿಂತರು. ಕೊನೆಗೂ ಹುಡುಗಿಯ ದನಿ ಬಂತು. "ಇಲ್ರಿ ಸಾಹೇಬ್ರ. ನೂಕಿಲ್ರಿ." ಕಾಲುವೆ ದಂಡೆಯಲ್ಲಿ ಅವತ್ತು ಬಟ್ಟೆ ಒಗೆಯುತ್ತಿದ್ದ ಇನ್ನೊಬ್ಬ ಹೆಂಗಸಿನ ಸಾಕ್ಷಿಯೂ ಆಯಿತು. ಮುಂದಿನ ತಾರೀಖಿಗೆ ಕೇಸು ಬಿದ್ದುಹೋಯಿತು.

ಹುಡುಗಿಯ ಅಪ್ಪ ಕರೆದುಕೊಂಡು ಹೋಗಲು ಬಂದ. ಮಾಸಿದ ಧೋತರ, ತಲೆಗೆ ಟವೆಲ್ಲು. ಖುಷಿಯಲ್ಲಿ ಎಲ್ಲರ ಕಾಲಿಗೂ ಬೀಳಲು ಬರುತ್ತಿದ್ದ. ಡಾಕ್ಟರ್ ಬಾಯಿ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಾವೂ ಕುಳಿತರು.

"ಕಾಕಾ, ಕೇಸ್ ಮುಗದದ, ಖರೇ. ಆದ್ರ ಆಕಿ ಮನಸಿನ್ಯಾಗ ಆ ಕೂಸು ಇನ್ನಾ ನೀರಾಗೇ ಅದ. ಒಬ್ಬಾಕೀನ ಕಾಲುವಿ ಕಡಿ ಬಿಡಬ್ಯಾಡ್ರಿ. ಬೈಬ್ಯಾಡ್ರಿ. ಗುರುವಾರಕ್ಕೊಮ್ಮಿ ಇಲ್ಲಿ ಕರಕೊಂಡ ಬರ್ರಿ."

"ಎಷ್ಟ ಗುರುವಾರ್ರಿ ಬಾಯಾರ?"

"ಆಕಿ ಸಾಕು ಅನ್ನೋ ತನಕ."

ಆ ಮನುಷ್ಯ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ವಡಗೇರಾದ ಬಸ್ಸು ತಡವಾದರೆ ಡಾಕ್ಟರ್ ಬಾಯಿ ಸಂಜೆ ಗಾಡಿ ಬಿಟ್ಟು ಕಾಯುತ್ತಿದ್ದರು. ಅವರೂ ಹುಡುಗಿಯೂ ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಹಸನು ಮಾಡುತ್ತಲೋ ಮಾತಾಡುತ್ತಿದ್ದರು. ಒಮ್ಮೊಮ್ಮೆ ಮಾತೇ ಇರುತ್ತಿರಲಿಲ್ಲ. ಹುಡುಗಿ ಮೊದಲ ಸಲ ಕೂಸಿನ ಹೆಸರು ಹಿಡಿದು ಅತ್ತ ದಿನ ಡಾಕ್ಟರ್ ಬಾಯಿ ಹೊರಗೆ ಬಂದು ಕನ್ನಡಕ ಒರೆಸಿಕೊಂಡು, "ಇವತ್ತ ಛಲೋ ಆತು" ಎಂದರು. ಅಳುವುದರಲ್ಲಿ ಒಳ್ಳೆಯದೇನಿದೆ ಎಂದು ಆಗ ನನಗೆ ತಿಳಿಯಲಿಲ್ಲ. ಏಳೆಂಟು ತಿಂಗಳಾದ ಮೇಲೆ ಒಂದು ಗುರುವಾರ ಹುಡುಗಿ ತಾನಾಗಿಯೇ, "ಇನ್ ಮುಂದ ಬರಂಗಿಲ್ರಿ ಬಾಯಾರ, ಹತ್ತಿ ಬಿಡಸೂ ಕೆಲಸ ಅದ" ಎಂದಳು. ಡಾಕ್ಟರ್ ಬಾಯಿ ಅವತ್ತು ಪೂರ್ತಿ ನಗುನಗುತ್ತಲೇ ಇದ್ದರು. ನಮ್ಮ ಚಹಾವನ್ನೂ ಬೈಯಲಿಲ್ಲ.

ಎಂಟು ವರ್ಷ ಅವರು ಬಂದರು. ನಾನು ಬುಧವಾರ ಗುರುತು ಹಾಕುವುದನ್ನು ಬಿಟ್ಟೆ. ಎಷ್ಟು ಮಕ್ಕಳ ಜೊತೆ ಎಷ್ಟು ರೀತಿಯ ಸುಳ್ಳು ಹೇಳಿದರೋ ಅವರು... ಕುರಿ ಕಾಯುವ ಹುಡುಗನ ಮುಂದೆ ಕುರಿ ಮೊಟ್ಟೆ ಇಡುತ್ತದೆ ಎಂದು ವಾದಿಸಿದ್ದು, ಗುರುಮಠಕಲ್ಲಿನ ತೆಲುಗು ಹುಡುಗನ ಜೊತೆ ತಪ್ಪು ತಪ್ಪು ತೆಲುಗು ಮಾತಾಡಿ ಅವನ ಕೈಯಲ್ಲಿ ತಿದ್ದಿಸಿಕೊಂಡಿದ್ದು. ಆಮೇಲೆ ಅವರಿಗೆ ಬೇರೆ ಕಡೆ ವರ್ಗವಾಯಿತು. ಆ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ. ಬಂದವರು ನಮೂನೆಯನ್ನು ನನ್ನ ಕಡೆಗೇ ತಳ್ಳಿ, "ತುಂಬಿ ಇಡ್ರಿ" ಎಂದರು. ನಾನು ಅಡುಗೆಮನೆಗೆ ಹೋಗಿ ನನ್ನ ಕೈಲಾದಷ್ಟು ಕೇಳಿ ತುಂಬುತ್ತಿದ್ದೆ. ನನಗೆ ಅವರ ತಾಳ್ಮೆ ಇರಲಿಲ್ಲ. ಎಷ್ಟು ಖರೇ ಮಾತುಗಳು ನನ್ನ ಕೈ ತಪ್ಪಿಹೋದವೋ ಯಾರಿಗೆ ಗೊತ್ತು.

ಪೆನ್ಶನ್ ಕಾಗದದ ಕೆಲಸಕ್ಕೆಂದು ಗುಲ್ಬರ್ಗಾಕ್ಕೆ ಹೋದಾಗ ಹಳೆಯ ಜವಾನನೊಬ್ಬ ಸಿಕ್ಕು, ಡಾಕ್ಟರ್ ಬಾಯಿ ತೀರಿಕೊಂಡು ಎರಡು ವರ್ಷವಾಯಿತು ಎಂದ. ನನ್ನ ಬಸ್ಸಿಗೆ ಹೊತ್ತಾಗಿತ್ತು. ಛೇ ಛೇ ಎಂದು ಓಡಿದೆ. ದಾರಿಯುದ್ದಕ್ಕೂ ಮನಸ್ಸು ಭಾರವಾಗಿತ್ತು, ಆದರೆ ಮರುದಿನ ಎಂದಿನಂತೆ ಕಳೆಯಿತು.

ಇದನ್ನು ಬರೆಯಲು ಕುಳಿತದ್ದಕ್ಕೆ ಕಾರ್ಬನ್ ವಾಸನೆ ಒಂದೇ ಕಾರಣವಲ್ಲ. ಹೋದ ತಿಂಗಳು ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಕೂದಲು ನರೆಯತೊಡಗಿದ ಹೆಂಗಸೊಬ್ಬಳು ಎದುರಿಗೆ ಬಂದು ನಿಂತು, ನನ್ನನ್ನೇ ದಿಟ್ಟಿಸಿ, "ಸ್ಟೇಶನ್ ರೋಡಿನ ಆಫೀಸ್ನ್ಯಾಗ ಟೈಪ್ ಹೊಡಿತಿದ್ದ ಸಾಹೇಬ್ರು ಹೌದಲ್ರಿ?" ಎಂದಳು. ಅವಳೇ. ಮಗಳ ಬಾಣಂತನಕ್ಕೆ ಹೊರಟಿದ್ದಳು. ಅಕ್ಕನಿಗೆ ಆಮೇಲೆ ಎರಡು ಮಕ್ಕಳಾದವಂತೆ. ಅಕ್ಕ ಈಗಲೂ ಇವಳ ಜೊತೆ ಮಾತಾಡುವುದು ಕಡಿಮೆಯಂತೆ. ಅದನ್ನೂ ಮುಚ್ಚಿಡದೆ ಹೇಳಿದಳು. ಆಮೇಲೆ ಕೇಳಿದಳು:

"ಡಾಕ್ಟರ್ ಬಾಯಾರು ಆರಾಮ್ ಅದಾರೇನ್ರಿ?"

ಇದ್ದದ್ದನ್ನು ಹೇಳಿದೆ. ಗಂಟನ್ನು ಕೆಳಗಿಟ್ಟು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಬಸ್ಸು ಬಂದು ನಿಂತಿತು, ಏಳಲಿಲ್ಲ.

"ಅವರ ಊರ್ ಯಾವದರಿ? ಎಲ್ಲಿ ಮಣ್ಣ ಮಾಡ್ಯಾರ? ಒಮ್ಮಿ ಹೋಗಿ ಬರ್ತೀನಿ."

ಎಂಟು ವರ್ಷ ಪ್ರತಿ ಗುರುವಾರ ಅವರ ಎದುರಿಗೆ ಕುಳಿತವನು ನಾನು. ಅವರಿಗೆ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದರು, ಸಂಜೆ ಗಾಡಿ ತಪ್ಪಿದ ದಿನ ಯಾರು ಕಾಯುತ್ತಿದ್ದರು, ಅಷ್ಟು ಮಕ್ಕಳ ಸಂಕಟ ಕೇಳಿ ಅವರಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ...

"ಗೊತ್ತಿಲ್ಲವ್ವಾ," ಎಂದೆ. "ನಾ ಎಂದೂ ಕೇಳಲೇ ಇಲ್ಲ."

ಅವಳು ಗಂಟು ಎತ್ತಿಕೊಂಡು ಎದ್ದಳು. ನನ್ನ ಮುಖವನ್ನು ನೇರವಾಗಿ ನೋಡಿದಳು.

"ಕೇಳಬೇಕಿತ್ರಿ, ಸಾಹೇಬ್ರ," ಎಂದಳು.